ಇಂಟರ್ನ್‌ಶಿಪ್ ಮುಗಿಯಿತು, ಈಗ ‘ಇನ್ನೂ ಸ್ವಲ್ಪ ದಿನ ಇರು’ ಅಂತಿದ್ದಾರೆ. ಇರಲಾ, ಬಿಡಲಾ?

ಪದವಿಹೊಸತು

ಎಲ್ಲರಿಗೂ ನಮಸ್ಕಾರ. ಇಲ್ಲಿ ಓದುತ್ತಾ ಇದ್ದೆ, ಬರೆಯುತ್ತಿರುವುದು ಮೊದಲ ಸಲ. ಸ್ವಲ್ಪ ಉದ್ದ ಆಗಬಹುದು.

ಇತಿಹಾಸದಲ್ಲಿ ಪದವಿ ಮುಗಿಸಿ ಒಂದು ಸಣ್ಣ ಕಲಾ ಸಂಸ್ಥೆಗೆ ಇಂಟರ್ನ್ ಆಗಿ ಸೇರಿದೆ. ಸಣ್ಣದು ಅಂದರೆ ನಿಜಕ್ಕೂ ಸಣ್ಣದು. ನಿರ್ದೇಶಕಿ ಒಬ್ಬರು, ಆಗಾಗ ಬಂದುಹೋಗುವ ಲೆಕ್ಕದವರು ಒಬ್ಬರು, ಆಮೇಲೆ ನಾನು. ಮುಂದೆ ಒಂದು ಗ್ಯಾಲರಿ. ಹಿಂದಿನ ಕೋಣೆಯಲ್ಲಿ ಹಳೆಯ ನಾಟಕಗಳ ಫೋಟೊ, ಪೋಸ್ಟರ್, ನೆಗೆಟಿವ್‌ಗಳ ರಾಶಿ. ರಜಾದಿನಗಳಲ್ಲಿ ಮಕ್ಕಳಿಗೆ ಚಿತ್ರಕಲೆ ಶಿಬಿರ. ಸ್ಟೈಪೆಂಡ್ ಇಲ್ಲ, ಓಡಾಟದ ಖರ್ಚು ಮಾತ್ರ.

“ಸಂಗ್ರಹದ ಪಟ್ಟಿ ಮಾಡಬೇಕು, ಅಷ್ಟೇ ಕೆಲಸ” ಅಂದಿದ್ದರು. ಪಟ್ಟಿ ಮಾಡಿದೆ. ಜೊತೆಗೆ ಗೋಡೆಯ ಮೊಳೆ ತೂತುಗಳಿಗೆ ಪುಟ್ಟಿ ತುಂಬಿದೆ, ಆಹ್ವಾನ ಪತ್ರಿಕೆ ಡಿಸೈನ್ ಮಾಡಿದೆ, ಇನ್‌ಸ್ಟಾಗ್ರಾಂ ನೋಡಿಕೊಂಡೆ, ಕುರ್ಚಿ ಜೋಡಿಸಿದೆ, ಬಾಗಿಲಲ್ಲಿ ನಿಂತು ಬಂದವರ ಹೆಸರು ಬರೆಸಿಕೊಂಡೆ. ಕೊನೆಗೆ ಒಂದು ದೊಡ್ಡ ಅನುದಾನದ ಅರ್ಜಿಯನ್ನೂ ಹೆಚ್ಚುಕಡಿಮೆ ನಾನೇ ಬರೆದೆ.

ಬೇಜಾರಾಯಿತು ಅಂತ ಅಲ್ಲ, ಇಷ್ಟವೇ ಆಯಿತು. ಒಂದು ಮಧ್ಯಾಹ್ನ ವಯಸ್ಸಾದ ನಟರೊಬ್ಬರು ಬಂದರು. ಒಂದು ಗುಂಪು ಫೋಟೊ ನೋಡಿ, “ಎಡದಿಂದ ಮೂರನೆಯವನು ರಾಜ ಅಲ್ಲಮ್ಮ, ಸೇವಕನ ಪಾತ್ರ. ಫೋಟೊ ತೆಗೆಯುವಾಗ ಕಿರೀಟ ಎತ್ತಿ ಹಾಕಿಕೊಂಡುಬಿಟ್ಟ” ಅಂದರು. ಅಲ್ಲಿಯವರೆಗೆ ನಮ್ಮ ಪಟ್ಟಿಯಲ್ಲಿ ಆತ ರಾಜನೇ ಆಗಿದ್ದ! ಇಂಥದ್ದು ಬೇರೆ ಎಲ್ಲಿ ಸಿಗುತ್ತದೆ?

ಈಗ ಅವಧಿ ಮುಗಿದಿದೆ. “ಇನ್ನೊಂದು ಅವಧಿ ಇರು, ಅನುದಾನ ಬಂದರೆ ಏನಾದರೂ ಮಾಡೋಣ” ಅಂತಿದ್ದಾರೆ. ಸರ್ಟಿಫಿಕೇಟ್ ಕೊಟ್ಟಿದ್ದಾರೆ, ಅದರಲ್ಲಿ “ಸಂಸ್ಥೆಯ ವಿವಿಧ ಚಟುವಟಿಕೆಗಳಲ್ಲಿ ಉತ್ಸಾಹದಿಂದ ಸಹಕರಿಸಿದ್ದಾರೆ” ಅಂತ ಒಂದೇ ಸಾಲು.

ಇರಲಾ, ಬಿಡಲಾ? ಬಿಟ್ಟರೆ ಬಯೋಡೇಟಾದಲ್ಲಿ ಇದನ್ನೆಲ್ಲ ಏನಂತ ಬರೆಯಲಿ?

ಬಿಟ್ಟಿಚಾಕರಿ_ಬೇಡ

ಬಿಡಿ. ಇವತ್ತೇ ಬಿಡಿ. “ಏನಾದರೂ ಮಾಡೋಣ” ಅನ್ನೋದು ಮೂಗಿಗೆ ತುಪ್ಪ ಸವರೋ ಮಾತು.

ಸುಮ್ನೆಓದುಗ

ಕಿರೀಟದ ಕಥೆ ಸೂಪರ್ 😄

ಪರದೆಹಿಂದೆ

ಮೊದಲನೇ ಉತ್ತರಕ್ಕೇ “ಬಿಡಿ” ಅನ್ನೋದು ಸುಲಭ. ನಾನೂ ಒಂದು ಸಣ್ಣ ರಂಗತಂಡದ ವ್ಯವಹಾರ ನೋಡಿಕೊಂಡವನು, ಆ ಕಡೆಯ ಮಾತೂ ಒಂದಿಷ್ಟು ಕೇಳಿ.

ಇಂಥ ಸಂಸ್ಥೆಗಳಿಗೆ ಬರುವ ದುಡ್ಡು ಬಹುಪಾಲು ಪ್ರಾಜೆಕ್ಟ್‌ಗೆ ಕಟ್ಟಿಹಾಕಿದ ದುಡ್ಡು. ಪ್ರದರ್ಶನಕ್ಕೆ ಅಂತ ಬಂದದ್ದನ್ನು ಬಾಡಿಗೆಗೆ ಹಾಕುವಂತಿಲ್ಲ, ಪುಸ್ತಕ ಮಾಡಲು ಬಂದದ್ದರಲ್ಲಿ ಕರೆಂಟ್ ಬಿಲ್ ಕಟ್ಟುವಂತಿಲ್ಲ. ಆಡಳಿತ ವೆಚ್ಚಕ್ಕೆ ಇಷ್ಟೇ ಅಂತ ಮಿತಿ ಬೇರೆ. ಎಷ್ಟೋ ಕಡೆ ನಿರ್ದೇಶಕರೇ ತಿಂಗಳುಗಟ್ಟಲೆ ಸಂಬಳ ತೆಗೆದುಕೊಳ್ಳುವುದಿಲ್ಲ. ಹುಡುಗಿಯನ್ನು ದುಡಿಸಿಕೊಂಡು ಅವರೇನೂ ಬಂಗಲೆ ಕಟ್ಟಿಲ್ಲ.

ಇನ್ನೊಂದು ಮಾತು. ದೊಡ್ಡ ಮ್ಯೂಸಿಯಂಗೆ ಹೋಗಿದ್ದರೆ ನಿಮಗೆ ಅನುದಾನದ ಅರ್ಜಿ ಬರೆಯಲು ಯಾರು ಕೊಡುತ್ತಿದ್ದರು? ಒಂದೇ ಡ್ರಾಯರ್‌ನ ಕಾರ್ಡುಗಳನ್ನು ಕಂಪ್ಯೂಟರ್‌ಗೆ ಹಾಕಿಸಿ ಕಳಿಸುತ್ತಿದ್ದರು. ಇಲ್ಲಿ ಸಂಸ್ಥೆ ಹೇಗೆ ನಡೆಯುತ್ತದೆ ಅಂತ ಪೂರ್ತಿ ಕಣ್ಣಾರೆ ನೋಡಿದ್ದೀರಿ.

ಬಿಟ್ಟಿಚಾಕರಿ_ಬೇಡ

@ಪರದೆಹಿಂದೆ ನಿರ್ದೇಶಕಿ ಸಂಬಳ ತೆಗೆದುಕೊಳ್ಳದಿರುವುದು ನಿರ್ದೇಶಕಿಯ ತೀರ್ಮಾನ. ಸಂಸ್ಥೆ ಅವರದು, ಹೆಸರು ಅವರದು. ಇಂಟರ್ನ್‌ಗೆ ಅದರಲ್ಲಿ ಪಾಲಿದೆಯಾ?

ಬಿಟ್ಟಿ ಕೆಲಸ ಯಾರಿಗೆ ಸಾಧ್ಯ ಅಂತಲೂ ಯೋಚಿಸಿ. ಮನೆಯಲ್ಲಿ ಅನುಕೂಲ ಇದ್ದವರಿಗೆ ಮಾತ್ರ. ಇಲ್ಲದವರು ಮೊದಲ ತಿಂಗಳೇ ಬೇರೆ ನೌಕರಿ ಹುಡುಕಬೇಕು. ಆಮೇಲೆ ಅದೇ ಸಂಸ್ಥೆಗಳು “ಕಲಾರಂಗಕ್ಕೆ ಎಲ್ಲ ಥರದ ಜನ ಬರ್ತಿಲ್ಲ” ಅಂತ ವಿಚಾರ ಸಂಕಿರಣ ಮಾಡುತ್ತವೆ.

ಎರಡನೇಸಾಲು

ಇದು ಸುಮ್ನೆ ಕೋಪದ ಮಾತಲ್ಲ. 2019ರಲ್ಲಿ ಉತ್ತರ ಅಮೆರಿಕದ ಕಲಾ ಮ್ಯೂಸಿಯಂ ನಿರ್ದೇಶಕರ ಸಂಘವೇ, ಇಂಟರ್ನ್‌ಗಳಿಗೆ ಹಣ ಕೊಡಿ ಅಂತ ತನ್ನ ಸದಸ್ಯರನ್ನು ಒತ್ತಾಯಿಸಿ ನಿರ್ಣಯ ಮಾಡಿತು. ಅವರು ಕೊಟ್ಟ ಕಾರಣವೂ ಇದೇ. ಬಿಟ್ಟಿ ಇಂಟರ್ನ್‌ಶಿಪ್‌ನಿಂದ ಅನುಕೂಲಸ್ಥರ ಮಕ್ಕಳೇ ಈ ಕ್ಷೇತ್ರದಲ್ಲಿ ತುಂಬಿಕೊಳ್ಳುತ್ತಾರೆ ಅಂತ.

ಕಟಕಟೆ

ಕಾನೂನಿನ ಕಡೆಯಿಂದ ಒಂದು ಉದಾಹರಣೆ. ಅಮೆರಿಕದಲ್ಲಿ 2011ರಲ್ಲಿ ಇಬ್ಬರು ಇಂಟರ್ನ್‌ಗಳು ಒಂದು ಸಿನಿಮಾ ಕಂಪನಿಯ ಮೇಲೆ ಕೇಸ್ ಹಾಕಿದರು. ನಾವು ಮಾಡಿದ್ದು ಮಾಮೂಲಿ ನೌಕರರ ಕೆಲಸ, ಸಂಬಳ ಕೊಡಿ ಅಂತ. 2013ರಲ್ಲಿ ಕೆಳಗಿನ ಕೋರ್ಟ್ ಅವರ ಪರ ಹೇಳಿತು. 2015ರಲ್ಲಿ ಮೇಲ್ಮನವಿ ಕೋರ್ಟ್ ಅದನ್ನು ಬದಿಗಿಟ್ಟು ಬೇರೆ ಅಳತೆಗೋಲು ತಂದಿತು: ಈ ಇಂಟರ್ನ್‌ಶಿಪ್‌ನಿಂದ ಮುಖ್ಯವಾಗಿ ಲಾಭ ಆಗಿದ್ದು ಯಾರಿಗೆ, ಕಲಿಯುವವರಿಗಾ, ಕಂಪನಿಗಾ? ಕಲಿಕೆ ಓದಿಗೆ ಹೊಂದುತ್ತಿತ್ತಾ, ಇಂಟರ್ನ್ ಮಾಡಿದ್ದು ನೌಕರರ ಕೆಲಸದ ಜೊತೆಗಿನದಾ ಅಥವಾ ಅವರ ಬದಲಿಗಾ, ಇಂಥವನ್ನೆಲ್ಲ ನೋಡುತ್ತಾರೆ.

ಲೆಕ್ಕದಪುಸ್ತಕ

@ಕಟಕಟೆ ಅದು ಲಾಭಕ್ಕಾಗಿ ನಡೆಯುವ ಕಂಪನಿಗಳ ಮಾತು ಸರ್. ಅದೇ ದೇಶದಲ್ಲಿ ಲಾಭರಹಿತ ಸಂಸ್ಥೆಗಳಲ್ಲಿ ಹಣದ ನಿರೀಕ್ಷೆ ಇಲ್ಲದೆ ಸ್ವಯಂಸೇವೆ ಮಾಡೋದಕ್ಕೆ ಸಾಮಾನ್ಯವಾಗಿ ಅಡ್ಡಿ ಇಲ್ಲ. ದೇಶದಿಂದ ದೇಶಕ್ಕೆ ಬೇರೆ ಬೇರೆ. ಆದರೆ ಆ ಅಳತೆಗೋಲು ಕೋರ್ಟ್ ಬಿಟ್ಟು ನಮಗೂ ಉಪಯೋಗಕ್ಕೆ ಬರುತ್ತದೆ, ಒಪ್ಪುತ್ತೇನೆ.

@ಪದವಿಹೊಸತು ನಿಮಗೆ ನನ್ನದು ಒಂದೇ ಪ್ರಶ್ನೆ. ನೀವು ಬರೆದ ಆ ಅರ್ಜಿಯ ಬಜೆಟ್ ಪಟ್ಟಿಯಲ್ಲಿ ನಿಮ್ಮ ಹುದ್ದೆಗೆ ಒಂದು ಸಾಲು ಇದೆಯಾ? ನೋಡಿ ಹೇಳಿ. ಅನುದಾನ ಬಂದರೆ ಏನಾದರೂ ಮಾಡುತ್ತಾರಾ ಇಲ್ಲವಾ ಅನ್ನೋದು ಅಲ್ಲೇ ಗೊತ್ತಾಗುತ್ತದೆ.

ಮೊಳೆಸುತ್ತಿಗೆ

ಎಲ್ಲ ಬಿಡಿ, ಗೋಡೆಗೆ ಪುಟ್ಟಿ ತುಂಬೋದನ್ನು ಕಲಿತಿದ್ದಾರಲ್ಲ, ಅದೇ ದೊಡ್ಡ ವಿದ್ಯೆ. ಕಲಾ ಇತಿಹಾಸದಲ್ಲಿ ಪಿಎಚ್‌ಡಿ ಮಾಡಿದವರು ನನ್ನ ಹತ್ತಿರ ಬಂದು ಮಟ್ಟಗೋಲನ್ನು ಉಲ್ಟಾ ಹಿಡಿದಿದ್ದನ್ನು ನೋಡಿದ್ದೇನೆ.

ತಂಗಿ, ಚಿತ್ರ ಯಾವ ಎತ್ತರಕ್ಕೆ ನೇತುಹಾಕಿದಿರಿ?

ಪದವಿಹೊಸತು

@ಮೊಳೆಸುತ್ತಿಗೆ ಚಿತ್ರದ ಮಧ್ಯಭಾಗ ನೆಲದಿಂದ ಸುಮಾರು 150 ಸೆಂ.ಮೀ. ಇರೋ ಥರ ಅಣ್ಣ. ಮೇಡಂ ಹಾಗೇ ಹೇಳಿದ್ದರು.

@ಲೆಕ್ಕದಪುಸ್ತಕ ಫೈಲ್ ಆಫೀಸಿನ ಕಂಪ್ಯೂಟರ್‌ನಲ್ಲಿದೆ. ನಾಳೆ ಹೋದಾಗ ನೋಡುತ್ತೇನೆ.

ಮೊಳೆಸುತ್ತಿಗೆ

ಸರಿ ಇದೆ. 145ರಿಂದ 155ರ ಒಳಗೆ. ನೋಡುವವರ ಕಣ್ಣಿನ ಮಟ್ಟ ಅದು. ಕೆಲವರು ಎಲ್ಲ ಚಿತ್ರಗಳ ಮೇಲಂಚನ್ನು ಒಂದೇ ಗೆರೆಗೆ ತರುತ್ತಾರೆ, ನೋಡಿದರೆ ಬಟ್ಟೆ ಒಣಹಾಕಿದ ಹಾಗೆ ಇರುತ್ತದೆ.

ಗೆರೆಬಣ್ಣ

ಅದೇನು ವೇದವಾಕ್ಯ ಅಲ್ಲ. ನನ್ನ ಚಿತ್ರಗಳು ಅಂಗೈಯಗಲ ಇರುತ್ತವೆ. ನಾನು ಸ್ವಲ್ಪ ಕೆಳಗೇ ಹಾಕಿಸುತ್ತೇನೆ, ಬಗ್ಗಿ ನೋಡಲಿ ಅಂತ. ಮಕ್ಕಳು ಬರುವ ಜಾಗ ಅಂದರೆ ಇನ್ನೂ ಕೆಳಗೆ. ಗಾಲಿಕುರ್ಚಿಯಲ್ಲಿ ಬರುವವರ ಕಣ್ಣಿನ ಮಟ್ಟ ಯಾರ ಲೆಕ್ಕದಲ್ಲಿದೆ?

ಮೊಳೆಸುತ್ತಿಗೆ

ಕಲಾವಿದರು ಗ್ಯಾಲರಿಗೆ ಬಂದು ಸುತ್ತಿಗೆ ಹಿಡಿದರೆ ನಾನು ಮನೆಗೆ ಹೋಗುತ್ತೇನೆ. ಗಾಲಿಕುರ್ಚಿ ಮಾತು ಮಾತ್ರ ಒಪ್ಪಿದೆ.

ಹಳೇನೆಗೆಟಿವ್

ಎಲ್ಲರೂ ದುಡ್ಡಿನ ಮಾತಾಡುತ್ತಿದ್ದೀರಿ, ನನಗೆ ಆ ಹಿಂದಿನ ಕೋಣೆಯದೇ ಯೋಚನೆ. ನೆಗೆಟಿವ್‌ಗಳ ರಾಶಿ ಅಂದಿರಲ್ಲ ಅಮ್ಮ, ಡಬ್ಬಿ ತೆಗೆದರೆ ವಿನೆಗರ್ ವಾಸನೆ ಬರುತ್ತದಾ?

ಪದವಿಹೊಸತು

ಹೌದು! ಒಂದು ತಗಡಿನ ಪೆಟ್ಟಿಗೆಯಲ್ಲಿ ಜೋರಾಗಿ ಬರುತ್ತದೆ. ಯಾರೋ ಏನೋ ಚೆಲ್ಲಿದ್ದಾರೆ ಅಂದುಕೊಂಡಿದ್ದೆ. ಒಂದೆರಡು ನೆಗೆಟಿವ್ ಮುದುಡಿಕೊಂಡಿವೆ ಕೂಡ.

ಹಳೇನೆಗೆಟಿವ್

ಯಾರೂ ಏನೂ ಚೆಲ್ಲಿಲ್ಲ. ಫಿಲ್ಮೇ ಕೊಳೆಯುತ್ತಿದೆ. ಅದು ಅಸಿಟೇಟ್ ಅನ್ನೋ ಪ್ಲಾಸ್ಟಿಕ್‌ನಿಂದ ಮಾಡಿದ ಫಿಲ್ಮ್. ಶಾಖಕ್ಕೆ, ತೇವಕ್ಕೆ ಒಡೆಯಲು ಶುರುವಾದರೆ ಅಸಿಟಿಕ್ ಆಮ್ಲ ಬಿಡುತ್ತದೆ, ವಿನೆಗರ್‌ನಲ್ಲಿ ಇರುವುದೂ ಅದೇ. ಹೊರಬಂದ ಆಮ್ಲ ಅದನ್ನೇ ಇನ್ನೂ ಬೇಗ ಕೆಡಿಸುತ್ತದೆ, ಪಕ್ಕದಲ್ಲಿರುವ ಒಳ್ಳೆಯ ನೆಗೆಟಿವ್‌ಗೂ ಅಂಟುತ್ತದೆ. ಆಮೇಲೆ ಫಿಲ್ಮ್ ಕುಗ್ಗುತ್ತದೆ, ಮೇಲಿನ ಚಿತ್ರದ ಪದರ ಸುಕ್ಕುಗಟ್ಟುತ್ತದೆ. ಅಲ್ಲಿಂದ ವಾಪಸ್ ತರಲು ಆಗುವುದಿಲ್ಲ.

ಈಗ ಮಾಡಬೇಕಾದ್ದು: ಆ ಪೆಟ್ಟಿಗೆಯನ್ನು ಉಳಿದವುಗಳಿಂದ ದೂರ ಇಡಿ. ತಗಡಿನ ಮುಚ್ಚಳ ಬಿಗಿಯಾಗಿ ಹಾಕಬೇಡಿ, ಗಾಳಿ ಆಡಲಿ. ಇನ್ನೂ ಚಪ್ಪಟೆಯಾಗಿ ಇರುವುದನ್ನೆಲ್ಲ ಮೊದಲು ಸ್ಕ್ಯಾನ್ ಮಾಡಿ. ಅಂಚಿನಲ್ಲಿ ‘ಸೇಫ್ಟಿ’ ಅಂತ ಇಂಗ್ಲಿಷ್ ಅಕ್ಷರ ಇದೆಯಾ ನೋಡಿ. ಇಲ್ಲದಿದ್ದರೆ, ತುಂಬಾ ಹಳೆಯದಾಗಿದ್ದರೆ, ನೈಟ್ರೇಟ್ ಫಿಲ್ಮ್ ಇರಬಹುದು ಅಂತ ಅನುಮಾನ ಪಡಬೇಕು. ಅದು ಬೆಂಕಿಗೆ ಹೆದರಬೇಕಾದ ವಸ್ತು. ಮುಟ್ಟದೆ ಬಲ್ಲವರನ್ನು ಕರೆಸಿ.

ಸುಮ್ನೆಓದುಗ

ಅಯ್ಯೋ, ನಮ್ಮ ತಾತನ ಪೆಟ್ಟಿಗೆಯಲ್ಲೂ ಇದೇ ವಾಸನೆ. ಈಗಲೇ ಅಟ್ಟ ಹತ್ತುತ್ತೇನೆ.

ಬಿಟ್ಟಿಚಾಕರಿ_ಬೇಡ

ನೋಡಿ, ಇದೇ ನಾನು ಹೇಳೋದು. ಸಂಗ್ರಹದ ಕೋಣೆಗೆ ಹುಡುಗಿಯನ್ನು ಕಳಿಸಿದವರು ಇಷ್ಟನ್ನೂ ಹೇಳಿಕೊಟ್ಟಿಲ್ಲ. ಇದು ಕಲಿಕೆಯಾ?

ಪರದೆಹಿಂದೆ

ನಿರ್ದೇಶಕಿಗೇ ಗೊತ್ತಿರಲಿಕ್ಕಿಲ್ಲ. ಸಣ್ಣ ಸಂಸ್ಥೆಯಲ್ಲಿ ಒಬ್ಬರೇ ಎಲ್ಲ ಆಗಿರುತ್ತಾರೆ. ನಾಟಕ ಗೊತ್ತಿರುವವರಿಗೆ ರಸಾಯನಶಾಸ್ತ್ರ ಗೊತ್ತಿರಬೇಕಾ?

ಬಿಟ್ಟಿಚಾಕರಿ_ಬೇಡ

ಗೊತ್ತಿರಬೇಕಿಲ್ಲ. ಗೊತ್ತಿರುವವರನ್ನು ಒಂದು ದಿನ ಕರೆಸಬಹುದಿತ್ತು. ‘ಕಲಿಸುತ್ತೇವೆ’ ಅಂತ ಕರೆದು ಕಲಿಸೋಕೆ ಯಾರೂ ಇಲ್ಲ ಅಂದರೆ ಅದಕ್ಕೆ ಇಂಟರ್ನ್‌ಶಿಪ್ ಅನ್ನಬಾರದು.

ಕಡತಪ್ರಿಯೆ

ಫೋಟೊಗಳ ಹಿಂದೆ ಹೆಸರು ಹೇಗೆ ಬರೆಯುತ್ತಿದ್ದೀರಿ? ದಯವಿಟ್ಟು ಬಾಲ್‌ಪೆನ್ ಅನ್ನಬೇಡಿ. ಮುಂದೆ ಅಚ್ಚು ಮೂಡುತ್ತದೆ.

ಪದವಿಹೊಸತು

ಇಲ್ಲ ಅಕ್ಕ, ಮೆದು ಪೆನ್ಸಿಲ್. ಆದರೆ ಹೊಸ ಥರದ ನುಣುಪು ಫೋಟೊಗಳ ಹಿಂದೆ ಪೆನ್ಸಿಲ್ ಹತ್ತುವುದೇ ಇಲ್ಲ. ಬಿಳಿ ಹತ್ತಿಯ ಕೈಗವಸು ಹಾಕಿಕೊಂಡು ಬರೆಯುವಾಗ ಇನ್ನೂ ಕಷ್ಟ.

ಕಡತಪ್ರಿಯೆ

ಹತ್ತದಿದ್ದರೆ ಅಲ್ಲಿ ಬರೆಯಲೇಬೇಡಿ, ಅದರ ಹಿಂಬದಿ ಪ್ಲಾಸ್ಟಿಕ್. ಲಕೋಟೆಯ ಮೇಲೆ ಬರೆದು, ಆಮೇಲೆ ಫೋಟೊ ಒಳಗಿಡಿ. ಫೋಟೊ ಒಳಗಿಟ್ಟು ಮೇಲೆ ಬರೆದರೆ ಮತ್ತೆ ಅಚ್ಚು. ಹತ್ತಿಯ ಕೈಗವಸು ಟಿವಿಯಲ್ಲಿ ಚೆನ್ನಾಗಿ ಕಾಣುತ್ತದೆ ಅಷ್ಟೇ. ಫೋಟೊ, ನೆಗೆಟಿವ್‌ಗೆ ನೈಟ್ರೈಲ್ ಅನ್ನೋ ತೆಳು ರಬ್ಬರಿನ ಕೈಗವಸು ಹಾಕಿ. ಪೋಸ್ಟರ್, ಕಾಗದ, ಪುಸ್ತಕಕ್ಕೆ ಕೈ ತೊಳೆದು ಒರೆಸಿಕೊಂಡರೆ ಸಾಕು. ಕೈಗವಸಿನಲ್ಲಿ ಕಾಗದದ ಅಂಚು ಗೊತ್ತಾಗದೆ ಹರಿಯೋದೇ ಜಾಸ್ತಿ.

ಗೆರೆಬಣ್ಣ

ನಾನು ಓದಿದ ಕಡೆ ಎಲ್ಲದಕ್ಕೂ ಕೈಗವಸು ಕಡ್ಡಾಯ ಅಂತಿದ್ದರು.

ಕಡತಪ್ರಿಯೆ

ಈಗ ದೊಡ್ಡ ಗ್ರಂಥಾಲಯಗಳೇ ಹಳೆಯ ಹಸ್ತಪ್ರತಿಗೆ ಬರಿಗೈ ಸಾಕು ಅನ್ನುತ್ತವೆ. ಇದರ ಬಗ್ಗೆ ಜಗಳ ಆಡಬೇಕಾದರೆ ಬೇರೆ ಚರ್ಚೆ ತೆರೆಯೋಣ, ನಾನು ರೆಡಿ.

ಪದವಿಹೊಸತು

ಫೈಲ್ ನೋಡಿದೆ. ಹೇಗೆ ಹೇಳಲಿ ಗೊತ್ತಾಗುತ್ತಿಲ್ಲ.

ಖರ್ಚಿನ ಕಡೆ ನನ್ನ ಹುದ್ದೆಗೆ ಸಾಲು ಇಲ್ಲ. ಮುದ್ರಣ, ಫ್ರೇಮ್, ಸ್ಕ್ಯಾನರ್, ಸಾಗಣೆ, ಕಲಾವಿದರ ಗೌರವಧನ ಎಲ್ಲ ಇದೆ. ಆದರೆ ಇನ್ನೊಂದು ಪಟ್ಟಿ ಇದೆಯಲ್ಲ, ‘ಸಂಸ್ಥೆಯ ಸ್ವಂತ ಕೊಡುಗೆ’ ಅಂತ, ಅದರಲ್ಲಿ ಜಾಗದ ಬಾಡಿಗೆ, ಹಳೆಯ ಕಂಪ್ಯೂಟರ್ ಜೊತೆಗೆ ‘ದಾಖಲೀಕರಣ ಸಿಬ್ಬಂದಿಯ ಸಮಯ’ ಅಂತ ಒಂದು ಸಾಲು. ಅದಕ್ಕೆ ಒಂದು ಮೊತ್ತವೂ ಇದೆ. ದಾಖಲೀಕರಣ ಸಿಬ್ಬಂದಿ ಅಂದರೆ ನಾನೇ. ಬೇರೆ ಯಾರೂ ಇಲ್ಲ.

ಆ ಸಾಲನ್ನು ಟೈಪ್ ಮಾಡಿದ್ದೂ ನಾನೇ. ಹಿಂದಿನ ಅರ್ಜಿಯ ಮಾದರಿ ಕೊಟ್ಟು “ಇದನ್ನೇ ಹೊಸದಕ್ಕೆ ಹೊಂದಿಸು” ಅಂದಿದ್ದರು.

ಬಿಟ್ಟಿಚಾಕರಿ_ಬೇಡ

🤦 ನಾನಿನ್ನು ಏನೂ ಹೇಳಲ್ಲ.

ಸುಮ್ನೆಓದುಗ

ಅವರು ಏನೂ ಹೇಳಲ್ಲ ಅಂದರೆ ಇನ್ನೂ ಹತ್ತು ಉತ್ತರ ಬರುತ್ತೆ ಅಂತ ಅರ್ಥ.

ಲೆಕ್ಕದಪುಸ್ತಕ

ಇದೇ ಇರಬಹುದು ಅಂತ ಕೇಳಿದೆ. ಎಲ್ಲರೂ ಗಾಬರಿ ಆಗೋ ಮುಂಚೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಅನುದಾನ ಕೊಡುವ ಎಷ್ಟೋ ಸಂಸ್ಥೆಗಳು ಪೂರ್ತಿ ಖರ್ಚು ಕೊಡುವುದಿಲ್ಲ. ಇಷ್ಟು ಭಾಗ ನಿಮ್ಮ ಕಡೆಯಿಂದ ತೋರಿಸಿ ಅನ್ನುತ್ತವೆ. ಸಣ್ಣ ಸಂಸ್ಥೆಯಲ್ಲಿ ನಗದು ಎಲ್ಲಿರುತ್ತದೆ? ಅದಕ್ಕೆ ಹಣದ ಬದಲು ವಸ್ತು, ಜಾಗ, ಶ್ರಮಕ್ಕೆ ಬೆಲೆ ಕಟ್ಟಿ ತೋರಿಸುತ್ತಾರೆ. ಸ್ವಯಂಸೇವಕರ ಸಮಯವನ್ನೂ ಹೀಗೆ ತೋರಿಸಲು ಬಹಳ ಕಡೆ ಅವಕಾಶ ಇದೆ. ಆದ್ದರಿಂದ ಇದು ತನ್ನಷ್ಟಕ್ಕೆ ಮೋಸ ಅಲ್ಲ.

ಆದರೆ ಇದಕ್ಕೆ ಶಿಸ್ತು ಇದೆ. ಮಾಡಿದ ಕೆಲಸ ಪ್ರಾಜೆಕ್ಟ್‌ಗೆ ಬೇಕಾದದ್ದೇ ಆಗಿರಬೇಕು. ಯಾವ ದಿನ ಎಷ್ಟು ಹೊತ್ತು ಅಂತ ದಾಖಲೆ ಇರಬೇಕು, ಮಾಡಿದವರ ಸಹಿ ಇರಬೇಕು. ದರ ಮನಸ್ಸಿಗೆ ಬಂದಂತೆ ಹಾಕುವ ಹಾಗಿಲ್ಲ, ಅದೇ ಕೆಲಸಕ್ಕೆ ಹಣ ಕೊಟ್ಟು ಒಬ್ಬರನ್ನು ಇಟ್ಟುಕೊಂಡಿದ್ದರೆ ಎಷ್ಟಾಗುತ್ತಿತ್ತೋ ಆ ಲೆಕ್ಕ. ಇನ್ನೊಂದು, ‘ಸಿಬ್ಬಂದಿ’ ಅಂತ ಬರೆದು ಸ್ವಯಂಸೇವಕರನ್ನು ತೋರಿಸಿದರೆ ಆಡಿಟ್‌ನಲ್ಲಿ ಸಂಬಳದ ಚೀಟಿ ಕೇಳುತ್ತಾರೆ. ಆ ಪದ ಬದಲಾಯಿಸಲು ಹೇಳಿ, ಇಲ್ಲದಿದ್ದರೆ ನಿಮ್ಮ ಮೇಡಂಗೇ ತೊಂದರೆ.

ಈಗ ನಿಮ್ಮ ವಿಷಯ. ಈ ಕೆಲಸಕ್ಕೆ ಬೆಲೆ ಕಟ್ಟೋದು ಹೇಗೆ ಅಂತ ಯಾರೂ ಅಡ್ಡಗೋಡೆಯ ಮೇಲೆ ದೀಪ ಇಡುವ ಹಾಗಿಲ್ಲ. ಸಂಸ್ಥೆಯೇ ಕಟ್ಟಿ, ಕಾಗದದ ಮೇಲೆ ಬರೆದು, ಹೊರಗಿನವರಿಗೆ ತೋರಿಸುತ್ತಿದೆ. ನಿಮ್ಮ ಮಾತುಕತೆ ಆ ಮೊತ್ತದಿಂದ ಶುರುವಾಗಲಿ. ಅರ್ಜಿ ಕಳಿಸಿ ಆಯಿತಾ?

ಪದವಿಹೊಸತು

ಇನ್ನೂ ಇಲ್ಲ ಸರ್. ಟ್ರಸ್ಟಿಗಳ ಸಹಿ ಬಾಕಿ ಇದೆ.

ಲೆಕ್ಕದಪುಸ್ತಕ

ಹಾಗಾದರೆ ಇನ್ನೇನು ಯೋಚನೆ? ಸಾಲನ್ನು ಸ್ವಂತ ಕೊಡುಗೆಯ ಪಟ್ಟಿಯಿಂದ ತೆಗೆದು ಖರ್ಚಿನ ಪಟ್ಟಿಗೆ ಹಾಕಿಸಿ. ಸ್ಕ್ಯಾನರ್ ಕೊಡುವ ಅನುದಾನದವರು ಸ್ಕ್ಯಾನ್ ಮಾಡುವ ಕೈಗೂ ಕೊಡುತ್ತಾರೆ, ಕೇಳಬೇಕು ಅಷ್ಟೇ. ಕೇಳದೆ ಇದ್ದರೆ ಅವರಾಗಿ ಯಾಕೆ ಕೊಡುತ್ತಾರೆ? ಅನುದಾನ ಸಿಕ್ಕಮೇಲೆ “ಒಂದು ಹುದ್ದೆ ಸೇರಿಸಿ” ಅಂತ ಹೋದರೆ ಯಾರೂ ಒಪ್ಪಲ್ಲ.

ಪರದೆಹಿಂದೆ

ಇದು ಸರಿಯಾದ ಮಾತು. ಒಂದು ಅಪಾಯ ಮಾತ್ರ ಹೇಳುತ್ತೇನೆ. ಆ ಕಡೆಯಿಂದ ತೆಗೆದರೆ ಸ್ವಂತ ಕೊಡುಗೆಯ ಭಾಗ ಕಡಿಮೆ ಬೀಳುತ್ತದೆ. ಅದನ್ನು ಬೇರೆ ಯಾವುದರಿಂದ ತುಂಬಬೇಕು ಅಂತಲೂ ಯೋಚಿಸಿಕೊಂಡು ಹೋಗಿ. ಟ್ರಸ್ಟಿಗಳ ಸಭೆ, ಸಲಹೆಗಾರರ ಸಮಯ, ಶಿಬಿರದ ಶುಲ್ಕದಲ್ಲಿ ಒಂದು ಪಾಲು, ಏನಾದರೂ ಸಿಗುತ್ತದೆ. ಉತ್ತರ ಜೊತೆಗೆ ಇಟ್ಟುಕೊಂಡು ಹೋದರೆ ಮೇಡಂ ಇಲ್ಲ ಅನ್ನೋದು ಕಷ್ಟ.

ಬಿಟ್ಟಿಚಾಕರಿ_ಬೇಡ

ತನ್ನ ಸಂಬಳಕ್ಕೆ ತಾನೇ ದಾರಿ ಹುಡುಕಿ, ಸಂಸ್ಥೆಯ ಲೆಕ್ಕವನ್ನೂ ತಾನೇ ಸರಿದೂಗಿಸಿ, ಆಮೇಲೆ ಹೋಗಿ ಕೈಮುಗಿದು ಕೇಳಬೇಕು. ಚೆನ್ನಾಗಿದೆ.

ಲೆಕ್ಕದಪುಸ್ತಕ

ನ್ಯಾಯ ಅಂತ ನಾನು ಹೇಳಲಿಲ್ಲ. ಆಗೋ ದಾರಿ ಹೇಳಿದೆ.

ಎರಡನೇಸಾಲು

ನಾನು ನೇಮಕಾತಿ ಕಡೆ ಕೆಲಸ ಮಾಡುವವಳು, ಬಯೋಡೇಟಾ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ.

“ಸಣ್ಣ ಸಂಸ್ಥೆಯಲ್ಲಿ ಎಲ್ಲ ಕೆಲಸ ಮಾಡಿದೆ” ಅಂತ ಬರೆಯಬೇಡಿ. ಎಲ್ಲ ಅಂದರೆ ಓದುವವರಿಗೆ ಏನೂ ಇಲ್ಲ ಅಂತಲೇ. ಎರಡು ಮೂರು ಆರಿಸಿಕೊಳ್ಳಿ. ‘ನಾಟಕ ಫೋಟೊ ಸಂಗ್ರಹಕ್ಕೆ ಪಟ್ಟಿ ತಯಾರಿಸಿದೆ, ಕಲಾವಿದರನ್ನು ಮಾತಾಡಿಸಿ ವ್ಯಕ್ತಿಗಳನ್ನು ಗುರುತಿಸಿದೆ’ ಅಂತ ಬರೆದು ಎಷ್ಟು ಫೋಟೊ ಅಂತ ಹಾಕಿ. ‘ಅನುದಾನದ ಅರ್ಜಿಯ ಕರಡು ಮತ್ತು ಬಜೆಟ್ ಸಿದ್ಧಪಡಿಸಿದೆ’ ಅಂತ ಹಾಕಿ. ಪುಟ್ಟಿ ತುಂಬಿದ್ದು ಗ್ಯಾಲರಿ ಕೆಲಸಕ್ಕೆ ಅರ್ಜಿ ಹಾಕುವಾಗ ಮಾತ್ರ. ಇನ್‌ಸ್ಟಾಗ್ರಾಂ ಎಲ್ಲರೂ ಬರೆಯುತ್ತಾರೆ, ಅದು ಕೊನೆಗೆ.

ಆ ಕಿರೀಟದ ಕಥೆ ಸಂದರ್ಶನಕ್ಕೆ ಇಟ್ಟುಕೊಳ್ಳಿ. ತಪ್ಪು ಗುರುತನ್ನು ಹೇಗೆ ತಿದ್ದಿದಿರಿ, ಯಾರು ಹೇಳಿದರು ಅಂತ ಎಲ್ಲಿ ಬರೆದಿಟ್ಟಿರಿ ಅಂತ ವಿವರಿಸಿದರೆ, ಕೂತವರಿಗೆ ನೀವು ಕೆಲಸ ಮಾಡಿದ್ದು ಗೊತ್ತಾಗುತ್ತದೆ.

ಸರ್ಟಿಫಿಕೇಟ್ ವಾಪಸ್ ಕೊಟ್ಟು ಬೇರೆ ಬರೆಸಿ. ಕರಡು ನೀವೇ ಬರೆದುಕೊಂಡು ಹೋಗಿ, ಅವರಿಗೆ ಸಮಯ ಇರಲ್ಲ. ಯಾರೂ ತಪ್ಪು ತಿಳಿಯಲ್ಲ, ಬಹಳ ಕಡೆ ನಡೆಯೋದೇ ಹಾಗೆ.

ಕಡತಪ್ರಿಯೆ

ಪಟ್ಟಿಯಲ್ಲಿ ಕ್ರಮಸಂಖ್ಯೆ ಹೇಗೆ ಕೊಟ್ಟಿರಿ ಅನ್ನೋದನ್ನೂ ಹೇಳಿ. 1, 2, 3 ಅಂತ ಕೊಟ್ಟಿದ್ದರೆ ಸಂದರ್ಶನದಲ್ಲಿ ಬಾಯಿ ಬಿಡಬೇಡಿ 😀

ಪದವಿಹೊಸತು

ಇಲ್ಲ ಅಕ್ಕ! ಬಂದ ವರ್ಷ, ಆ ವರ್ಷ ಎಷ್ಟನೇ ಕಂತಿನಲ್ಲಿ ಬಂತು, ಕಂತಿನಲ್ಲಿ ಎಷ್ಟನೆಯದು. 2019.12.3 ಅಂದರೆ 2019ರಲ್ಲಿ ಬಂದ 12ನೇ ಕಂತಿನ 3ನೇ ಫೋಟೊ. ಯಾವಾಗ ಬಂತು ಅಂತ ಗೊತ್ತಿಲ್ಲದ್ದಕ್ಕೆ ಬೇರೆ ಸರಣಿ ಮಾಡಿದೆ.

ಕಡತಪ್ರಿಯೆ

ಹೇಳಿಕೊಡುವವರಿಲ್ಲದೆ ಇದನ್ನು ಮಾಡಿದ್ದೀರಾ? ಹಾಗಿದ್ದರೆ ಇದೇ ಬಯೋಡೇಟಾದ ಮೊದಲ ಸಾಲು.

ಗೆರೆಬಣ್ಣ

ಒಂದು ಅಡ್ಡ ಪ್ರಶ್ನೆ. ನನ್ನ ಜಲವರ್ಣ ಚಿತ್ರಗಳು ಒಂದು ಕಡೆ ಪ್ರದರ್ಶನದಲ್ಲಿ ಕಿಟಕಿ ಎದುರಿಗೇ ಇದ್ದವು. ಹೇಳಿದರೆ “ಬೆಳಕು ಚೆನ್ನಾಗಿದೆಯಲ್ಲ” ಅಂದರು.

ಮೊಳೆಸುತ್ತಿಗೆ

ಬೆಳಕನ್ನು ಲಕ್ಸ್‌ನಲ್ಲಿ ಅಳೆಯುತ್ತಾರೆ. ಜಲವರ್ಣ, ಫೋಟೊ, ಬಟ್ಟೆ ಇವಕ್ಕೆ 50 ಲಕ್ಸ್ ಸಾಕು. ತೈಲವರ್ಣ 200ರವರೆಗೆ ತಡೆಯುತ್ತದೆ. ಕಿಟಕಿಯ ನೇರ ಬಿಸಿಲು ಸಾವಿರಗಟ್ಟಲೆ ಲಕ್ಸ್. ಮಸುಕಾದ ಬಣ್ಣ ಮತ್ತೆ ಬರಲ್ಲ. ಅವರಿಗೆ ಹೇಳಿ, ಇಲ್ಲ ಚಿತ್ರ ಇಳಿಸಿಕೊಂಡು ಬನ್ನಿ.

ಗೆರೆಬಣ್ಣ

ಮೊದಲ ಸಲ ನೀವು ಕಲಾವಿದರ ಪರ ಮಾತಾಡಿದ್ದು.

ಮೊಳೆಸುತ್ತಿಗೆ

ಚಿತ್ರದ ಪರ.

ಪದವಿಹೊಸತು

ಮೇಡಂ ಹತ್ತಿರ ಮಾತಾಡಿದೆ. ಫೈಲ್ ತೆರೆದು ಆ ಸಾಲನ್ನು ತೋರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. “ಇದು ನನಗಿಂತ ಮುಂಚೆ ಇದ್ದವರು ಹಾಕಿದ ಸಾಲು, ನಾನು ಪ್ರತಿ ಸಲ ಹಾಗೇ ಬಿಟ್ಟಿದ್ದೇನೆ” ಅಂದರು. ಸಿಟ್ಟಾಗಲಿಲ್ಲ. ನನ್ನ ಹಿಂದೆ ಇದ್ದ ಇಂಟರ್ನ್‌ಗಳಲ್ಲಿ ಯಾರೂ ಕೇಳಿರಲಿಲ್ಲವಂತೆ.

ಕೊನೆಗೆ ಆಗಿದ್ದು ಇಷ್ಟು. ಖರ್ಚಿನ ಪಟ್ಟಿಗೆ ‘ದಾಖಲೀಕರಣ ಸಹಾಯಕ’ ಅಂತ ಸಾಲು ಸೇರಿಸುತ್ತಾರೆ, ಮೊತ್ತ ಅಲ್ಲಿದ್ದದ್ದೇ. ಸ್ವಂತ ಕೊಡುಗೆಗೆ ಶಿಬಿರದ ಶುಲ್ಕದ ಪಾಲು ಮತ್ತು ಟ್ರಸ್ಟಿಯೊಬ್ಬರ ಸಮಯ ತೋರಿಸುತ್ತಾರೆ. @ಪರದೆಹಿಂದೆ ಸರ್, ಆ ಉಪಾಯ ನಿಮ್ಮದೇ. ಫಲಿತಾಂಶ ಬರಲು ತಿಂಗಳುಗಳೇ ಬೇಕು. ಅಲ್ಲಿಯವರೆಗೆ ವಾರಕ್ಕೆ ಎರಡು ದಿನ ಬಾ, ಆ ಎರಡು ದಿನಕ್ಕೆ ಶಿಬಿರದ ಆದಾಯದಿಂದ ಕೊಡುತ್ತೇನೆ ಅಂದಿದ್ದಾರೆ. ತೀರಾ ಕಡಿಮೆ, ಆದರೂ ಏನೋ ಒಂದಿಷ್ಟು.

ಸರ್ಟಿಫಿಕೇಟ್ ಕರಡು ಬರೆದುಕೊಟ್ಟೆ, ಒಂದು ಪದ ಬದಲಾಯಿಸಿ ಸಹಿ ಹಾಕಿದರು. ‘ಸಹಕರಿಸಿದ್ದಾರೆ’ ಹೋಗಿ ‘ರೂಪಿಸಿದ್ದಾರೆ’ ಬಂತು.

ನಾನಿನ್ನೂ ಒಪ್ಪಿಲ್ಲ. ಒಂದು ಗ್ರಂಥಾಲಯದ ಡಿಜಿಟಲ್ ವಿಭಾಗಕ್ಕೂ ಅರ್ಜಿ ಹಾಕಿದ್ದೇನೆ.

ಬಿಟ್ಟಿಚಾಕರಿ_ಬೇಡ

ಶಭಾಷ್. ನಿಮಗಿಂತ ಮುಂಚೆ ಬಂದುಹೋದವರಿಗೆ ಆ ಮೇಡಂ ಏನು ಮಾಡುತ್ತಾರೆ ಅಂತಲೂ ಕೇಳಿ.

ಪರದೆಹಿಂದೆ

ಅದನ್ನು ಈ ಹುಡುಗಿ ಕೇಳಬೇಕಾ? ನೀವೂ ಸರಿ.

ಬಿಟ್ಟಿಚಾಕರಿ_ಬೇಡ

ಯಾರಾದರೂ ಕೇಳಲೇಬೇಕಲ್ವಾ?

ಎರಡನೇಸಾಲು

ಎರಡು ದಿನ ಅಂದರೆ ಎರಡೇ ದಿನ. ಮೂರನೇ ದಿನ “ಉದ್ಘಾಟನೆ ಇದೆ, ಬಂದು ಹೋಗು” ಅಂತ ಫೋನ್ ಬರುತ್ತದೆ, ಬರೆದಿಟ್ಟುಕೊಳ್ಳಿ. ಮೊದಲನೇ ಫೋನಿಗೇ ಆಗಲ್ಲ ಅನ್ನಿ.

ಹಳೇನೆಗೆಟಿವ್

ಆ ಎರಡು ದಿನದಲ್ಲಿ ಮೊದಲು ತಗಡಿನ ಪೆಟ್ಟಿಗೆ. ಸ್ಕ್ಯಾನ್ ಮಾಡಿದ್ದನ್ನು ಗುಣಮಟ್ಟ ಕಳೆಯದ ಟಿಫ್ ಫೈಲ್ ಆಗಿ ಇಡಿ, ದಿನಬಳಕೆಗೆ ಚಿಕ್ಕ ಜೆಪೆಗ್ ಫೈಲ್ ಬೇರೆ ಮಾಡಿಕೊಳ್ಳಿ. ಮೂರು ಪ್ರತಿ ಇರಲಿ, ಒಂದು ಆ ಕಟ್ಟಡದ ಹೊರಗಿರಲಿ.

ತಬಲಾಮೂಲೆ

ನನಗೂ ಒಂದು ಸಂಗೀತ ಸಂಸ್ಥೆಯಿಂದ ಇಂಟರ್ನ್ ಆಗಿ ಕರೆ ಬಂದಿದೆ. ಧ್ವನಿಮುದ್ರಣಗಳ ಪಟ್ಟಿ ಮಾಡಬೇಕಂತೆ, ದುಡ್ಡು ಇಲ್ಲವಂತೆ. ಸೇರೋಕೆ ಮುಂಚೆ ಏನು ಕೇಳಬೇಕು?

ಲೆಕ್ಕದಪುಸ್ತಕ

ಹೊಸ ಚರ್ಚೆ ತೆರೆಯಿರಿ, ಇಲ್ಲಿ ಕಳೆದುಹೋಗುತ್ತದೆ. ಸದ್ಯಕ್ಕೆ ಇಷ್ಟು ಕೇಳಿ: ಯಾರು ಕಲಿಸುತ್ತಾರೆ, ಯಾವಾಗ ಮುಗಿಯುತ್ತದೆ, ನೀವು ಮಾಡಿದ ಪಟ್ಟಿಯಲ್ಲಿ ನಿಮ್ಮ ಹೆಸರು ಇರುತ್ತದಾ. ಆಮೇಲೆ ಆ ಕೆಲಸಕ್ಕೆ ಯಾವುದಾದರೂ ಅನುದಾನ ಇದೆಯಾ ಅಂತ ಕೇಳಿ. ಇದೆ ಅಂದರೆ ಬಜೆಟ್ ತೋರಿಸಿ ಅನ್ನಿ.

ತಬಲಾಮೂಲೆ

ಬಜೆಟ್ ತೋರಿಸಿ ಅಂದರೆ ಸಿಟ್ಟು ಮಾಡಿಕೊಳ್ಳಲ್ವಾ?

ಪದವಿಹೊಸತು

ನಮ್ಮಲ್ಲಿ ಮಾಡಿಕೊಳ್ಳಲಿಲ್ಲ. ಸೇರೋಕೆ ಮುಂಚೆ ಕೇಳಿದರೆ ಹೇಗೋ ಗೊತ್ತಿಲ್ಲ, ಕೇಳಿ ಇಲ್ಲಿ ಬಂದು ಹೇಳಿ.